ಕತ್ತರಿ ಪಬ್ಬಿನ ಮೂಗು

ಥಾರ್ನ್‌ಬೆಕ್ ಪೇಟೆಯ ನಡುಚೌಕದಲ್ಲಿರುವ ಪಬ್ಬಿನ ಬೋರ್ಡಿನ ಮೇಲೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯ ಚಿತ್ರವಿದೆ. ಹಾಗಾಗಿ ಊರಿನವರ ಬಾಯಲ್ಲಿ ಅದು ಬರೀ ‘ಕತ್ತರಿ’. ನಾನೂರು ವರ್ಷದ ಕಟ್ಟಡ. ಬಾಗಿಲು ಎಷ್ಟು ಗಿಡ್ಡ ಅಂದರೆ ಹೊಸಬರು ಹಣೆ ಚಚ್ಚಿಸಿಕೊಂಡೇ ಒಳಗೆ ಬರುತ್ತಾರೆ. ಒಳಗೆ ಕೂತವರು ಗ್ಲಾಸಿನಿಂದ ತಲೆ ಎತ್ತದೆ “ಬಗ್ಗಬೇಕು” ಅನ್ನುತ್ತಾರೆ, ಅದೂ ಹಣೆ ಚಚ್ಚಿದ ಮೇಲೆ. ಬೆನ್ನಿಗೆ ಚೀಲ ಹಾಕಿಕೊಂಡು ದೂರದಿಂದ ಬರುವವರು ಹೊಗೆ ಹಿಡಿದ ತೊಲೆಯ ಫೋಟೋ ತೆಗೆಯುತ್ತಾರೆ, ಸವೆದ ಕಲ್ಲಿನ ನೆಲದ ಫೋಟೋ ತೆಗೆಯುತ್ತಾರೆ. ತೆಗೆಯಲಿ ಬಿಡಿ. ಕೊನೆಗೆ ಅವರೂ ಬಂದಿರುವುದು ನೆಲಮಾಳಿಗೆಯ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಬಿಯರಿಗೇ.

ಆ ಬಿಯರನ್ನು ಮಾರುವವನು ಡೆಸ್ಮಂಡ್. ಸಾಕುವವಳು ಮೊರೀನ್.

ಸಾಕುವುದೇನು ಬಂತು ಅನ್ನಬೇಡಿ. ಬಾಟಲಿಯ ಬಿಯರಿಗೆ ಜೀವ ಇಲ್ಲ, ಅದನ್ನು ಯಾರು ಬೇಕಾದರೂ ಸುರಿದು ಕೊಡಬಹುದು. ಕತ್ತರಿಗೆ ಬರುವ ಪೀಪಾಯಿಯೊಳಗೆ ಬಿಯರು ಇನ್ನೂ ಹುದುಗುತ್ತಲೇ ಇರುತ್ತದೆ. ಅದನ್ನು ನೆಲಮಾಳಿಗೆಗೆ ಇಳಿಸಿ, ಅಡ್ಡ ಮಲಗಿಸಿ, ಮೇಲಿನ ತೂತಿಗೆ ಮೆತ್ತನೆ ಮರದ ಬೆಣೆ ಬಡಿಯಬೇಕು. ಆ ಬೆಣೆಯ ಮೂಲಕ ಅದು ಉಸಿರಾಡುತ್ತದೆ. ಉಬ್ಬರ ಇಳಿದ ಮೇಲೆ ಗಟ್ಟಿ ಬೆಣೆ. ಆಮೇಲೆ ಗಸಿ ತಳ ಸೇರುವವರೆಗೆ ಒಂದು ಹಗಲು ಒಂದು ರಾತ್ರಿ ಯಾರೂ ಅದರ ಮೈ ಮುಟ್ಟಬಾರದು. ಬೇಗ ತೆಗೆದಿರೋ ಮಡ್ಡಿ, ತಡ ಮಾಡಿದಿರೋ ಹುಳಿ. ಸರಿಯಾದ ಹೊತ್ತು ಯಾವುದು ಅಂತ ಹೇಳಬೇಕಾದದ್ದು ಗಡಿಯಾರ ಅಲ್ಲ, ಮೂಗು.

ಮೊರೀನ್ ಹೋಲ್ರಾಯ್ಡ್‌ಳ ಮೂಗು ಇಡೀ ಪೇಟೆಗೆ ಗೊತ್ತು. ಅವಳ ಅಪ್ಪ ಗಿರಣಿಯಲ್ಲಿ ಉಣ್ಣೆಗೆ ಬಣ್ಣ ಹಾಕುತ್ತಿದ್ದ. ಅಪ್ಪ ಹೊಸ್ತಿಲು ದಾಟುವ ಮುಂಚೆಯೇ, ಒಳಕೋಣೆಯಿಂದ ಮೂರು ವರ್ಷದ ಮಗು “ಇವತ್ತು ನೀಲಿ” ಅನ್ನುತ್ತಿತ್ತಂತೆ. ಹದಿನಾರಕ್ಕೆ ಮಿಠಾಯಿ ಕಾರ್ಖಾನೆ ಸೇರಿದಳು, ಸಕ್ಕರೆ ಪಾಕ ಸೀಯುವುದನ್ನು ಎರಡು ಕೋಣೆ ಆಚೆಯಿಂದ ಹೇಳುತ್ತಿದ್ದಳು. ಕಾರ್ಖಾನೆ ಮುಚ್ಚಿದಾಗ ಇಪ್ಪತ್ತೇಳು ವಯಸ್ಸು. ಕತ್ತರಿಗೆ ಗ್ಲಾಸು ತೊಳೆಯಲು ಬಂದಳು. ಆಗ ನೆಲಮಾಳಿಗೆ ನೋಡಿಕೊಳ್ಳುತ್ತಿದ್ದವನು ಮುದುಕ ಸ್ಟ್ಯಾನ್ಲಿ. ಬಂದ ಮೂರನೆಯ ವಾರ ಮೆಟ್ಟಿಲ ಮೇಲೆ ನಿಂತು, “ಆ ಮೂಲೇದು ಕೆಡ್ತಾ ಇದೆ” ಅಂದಳು.

“ಗ್ಲಾಸ್ ತೊಳಿಯೋಕೆ ಬಂದೋಳು ಗ್ಲಾಸ್ ತೊಳಿ,” ಅಂದ ಸ್ಟ್ಯಾನ್ಲಿ.

ಮಾರನೆಯ ಬೆಳಿಗ್ಗೆ ಆ ಪೀಪಾಯಿಯಿಂದ ಬಂದದ್ದು ಅಚ್ಚ ವಿನೆಗರ್. ಸ್ಟ್ಯಾನ್ಲಿ ಕ್ಷಮೆ ಕೇಳುವ ಜಾತಿಯವನಲ್ಲ. ಸುತ್ತಿಗೆ ಅವಳ ಕೈಗಿಟ್ಟು, “ಬಾ, ಬೆಣೆ ಹೊಡೆಯೋದು ತೋರಿಸ್ತೀನಿ,” ಅಂದ, ಅಷ್ಟೆ.

ಕತ್ತರಿಯಲ್ಲಿ ಒಂದು ಕಟ್ಟಳೆಯಿದೆ. ಕಾಗದದ ಮೇಲೆ ಎಲ್ಲೂ ಇಲ್ಲ, ಆದರೆ ಅದನ್ನು ಮೀರಿದವರೂ ಇಲ್ಲ. ನೆಲಮಾಳಿಗೆಯ ಬೀಗದ ಕೈ ಮೂಗು ಇದ್ದವರ ಹತ್ತಿರ ಇರಬೇಕು, ಮೂಗು ಹೋದ ದಿನ ತಾವಾಗಿಯೇ ಕೊಟ್ಟುಬಿಡಬೇಕು. ಸ್ಟ್ಯಾನ್ಲಿ ಹಾಗೇ ಮಾಡಿದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೇಲೆ ಬಂದು, ಅಂಗೈಯಗಲದ ಆ ಕಬ್ಬಿಣದ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟು, “ಇವತ್ತಿಂದ ಇವಳು” ಅಂದು ಟೋಪಿ ಹಾಕಿಕೊಂಡು ಹೊರಟ. ಮತ್ತೆ ನೆಲಮಾಳಿಗೆಯ ಮೆಟ್ಟಿಲು ಇಳಿಯಲಿಲ್ಲ. ಅಂದಿನಿಂದ ಬೀಗದ ಕೈ ಮೊರೀನ್‌ಳ ಏಪ್ರನ್ನಿನ ದಾರದಲ್ಲಿ ನೇತಾಡುತ್ತಿದೆ.

ಈ ಮೂಗು ಕಂಡುಹಿಡಿದದ್ದನ್ನೆಲ್ಲ ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಒಂಬತ್ತು ವರ್ಷದ ಹಿಂದೆ ಡೆಸ್ಮಂಡ್‌ಗೆ ಡಾಕ್ಟರು, ಇನ್ನೊಂದು ಹನಿ ಕುಡಿದರೆ ನಾನು ಜವಾಬ್ದಾರನಲ್ಲ ಅಂದಿದ್ದರು. ತನ್ನ ಬಿಯರನ್ನು ತಾನೇ ಕುಡಿಯದ ಪಬ್ಬಿನ ಯಜಮಾನನನ್ನು ಯಾರು ನಂಬುತ್ತಾರೆ? ಅವನು ಒಂದು ವರ್ಷ ಪೂರ್ತಿ ಬಿಯರಿನ ಗ್ಲಾಸಿನಲ್ಲಿ ತಣ್ಣಗಿನ ಚಹಾ ಹಿಡಿದುಕೊಂಡು ಓಡಾಡಿದ. ಗಿರಾಕಿಗಳ ಜೊತೆ ಗ್ಲಾಸು ತಾಗಿಸಿ ಚಹಾ ಕುಡಿದ. ಕೊನೆಗೊಂದು ದಿನ ಅಡಿಗೆಮನೆಯಲ್ಲಿ ಮೊರೀನ್‌ಗೆ ಗುಟ್ಟು ಹೇಳಿದಾಗ ಅವಳು ಪಾತ್ರೆ ಒರೆಸುತ್ತಾ, “ಗೊತ್ತು. ಮೊದಲನೇ ದಿನಾನೇ ಚಹಾ ವಾಸನೆ ಬಂತು. ಸಕ್ಕರೆ ಸ್ವಲ್ಪ ಕಡಿಮೆ ಹಾಕ್ಕೋ, ಅದಕ್ಕೂ ಬೈತಾರೆ ಡಾಕ್ಟ್ರು,” ಅಂದಿದ್ದಳು. ಅಂದಿನಿಂದ ಅವನು ಬಿಯರಿನ ವಿಷಯಕ್ಕೆ ಪೂರ್ತಿ ಅವಳ ಮೂಗನ್ನೇ ನಂಬಿದ್ದ.

ಅಂಥ ಮೂಗು ಹೋಯಿತು.

ನವೆಂಬರಿನಲ್ಲಿ ನಾಲ್ಕು ದಿನ ಜ್ವರ. ಐದನೆಯ ಬೆಳಿಗ್ಗೆ ಎದ್ದು ಬ್ರೆಡ್ಡು ಸುಡಲಿಟ್ಟು ಕಿಟಕಿಯ ಹತ್ತಿರ ನಿಂತಿದ್ದಳು. ತಿರುಗಿ ನೋಡಿದರೆ ಅಡಿಗೆಮನೆ ತುಂಬ ಹೊಗೆ. ಸೀದ ವಾಸನೆ ಮಾತ್ರ ಇಲ್ಲ. ಸೋಪು ಮೂಸಿದಳು. ಈರುಳ್ಳಿ ಹೆಚ್ಚಿ ಮೂಸಿದಳು, ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಡಾಕ್ಟರು, “ಬಂದ್ರೆ ಬರುತ್ತೆ, ಬರದೇ ಇದ್ರೆ ಇಲ್ಲ, ಕಾದು ನೋಡಿ,” ಅಂದರು. ಇಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಾಗಿತ್ತೇ ಅಂತ ಅವಳಿಗೆ ಸಿಟ್ಟು ಬಂತು.

ಅವತ್ತೇ ಬೀಗದ ಕೈ ಕೌಂಟರಿನ ಮೇಲಿಡಬೇಕಾಗಿತ್ತು. ಇಡಲಿಲ್ಲ. ನಾಳೆ ವಾಸನೆ ಬರಬಹುದು ಅಂದುಕೊಂಡಳು. ನಾಳೆ ಬಂತು, ವಾಸನೆ ಬರಲಿಲ್ಲ. ಕ್ರಿಸ್ಮಸ್ ಕಳೆಯಲಿ ಅಂದುಕೊಂಡಳು. ಕ್ರಿಸ್ಮಸ್ಸೂ ಕಳೆಯಿತು. ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು. ಮದುವೆ ಒಂದಾಗಿತ್ತು, ಅದು ಮೂರು ವರ್ಷಕ್ಕೇ ಮುಗಿದಿತ್ತು, ಆ ವಿಷಯದಲ್ಲಿ ಅವಳಿಗೆ ಹೇಳಿಕೊಳ್ಳುವಂಥ ದುಃಖವೂ ಇರಲಿಲ್ಲ. ಆದರೆ ನೆಲಮಾಳಿಗೆ ಕೈಬಿಟ್ಟರೆ ತಾನು ಯಾರು ಅನ್ನುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಸುಳ್ಳು ಹೇಳಿದಳು. ದಿನಾ ಬೆಳಿಗ್ಗೆ ಡೆಸ್ಮಂಡ್‌ನ ಮುಂದೆ ಗ್ಲಾಸು ಎತ್ತಿ, ಮೂಗಿನ ಹತ್ತಿರ ಹಿಡಿದು, ತಲೆ ಆಡಿಸಿ, “ಚೆನ್ನಾಗಿದೆ” ಅನ್ನುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಬರೀ ಸುಳ್ಳು ಹೇಳಿ ಕೂತಳು ಅಂದುಕೊಳ್ಳಬೇಡಿ. ಕೆಲಸವನ್ನು ಮೊದಲಿಗಿಂತ ಎರಡರಷ್ಟು ಮಾಡಿದಳು. ಮೆತ್ತನೆ ಬೆಣೆಗೆ ಕಿವಿಯಿಟ್ಟು ಅದರ ಸುಯ್ಯೆನ್ನುವ ಸದ್ದು ಕೇಳುತ್ತಾ ಕೂರುವಳು. ಸದ್ದು ಎಲ್ಲಿ ತೆಳುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹೊಸದಾಗಿ ಕಲಿತಳು. ಪೀಪಾಯಿಯ ಹೊಟ್ಟೆಗೆ ಕೆನ್ನೆ ಒತ್ತಿ ತಂಪು ನೋಡುವಳು. ಗ್ಲಾಸನ್ನು ದೀಪಕ್ಕೆ ಹಿಡಿದು, ಆಚೆ ಬದಿಯ ಗೋಡೆಯ ಇಟ್ಟಿಗೆ ಎಣಿಸಲು ಬರುತ್ತದೆಯೇ ಅಂತ ನೋಡುವಳು. ಬಾಯಿ ತೆಗೆದ ಪೀಪಾಯಿ ಮೂರನೆಯ ದಿನ ದಾಟಿದರೆ ಉಳಿದದ್ದನ್ನು ಕಣ್ಣುಮುಚ್ಚಿ ಮೋರಿಗೆ ಸುರಿಯುವಳು, ಯಾಕೆಂದರೆ ಹುಳಿ ಶುರುವಾಗುವುದು ನಾಲ್ಕನೆಯ ದಿನ, ಅದನ್ನು ಹಿಡಿಯುವ ಮೂಗು ಈಗ ಇರಲಿಲ್ಲ. ಐದು ತಿಂಗಳು ಹೀಗೇ ನಡೆಯಿತು. ಒಂದು ಗ್ಲಾಸೂ ವಾಪಸ್ಸು ಬರಲಿಲ್ಲ. ಆದರೂ ಪಂಪು ಎಳೆದಾಗಲೆಲ್ಲ, ಗಿರಾಕಿ ಮೊದಲ ಗುಟುಕು ನುಂಗುವವರೆಗೆ ಅವನ ಗಂಟಲನ್ನೇ ನೋಡುತ್ತಾ ನಿಲ್ಲುತ್ತಿದ್ದಳು.

ಏಪ್ರಿಲಿನ ಒಂದು ಶುಕ್ರವಾರ ಅದು ಆಗಿಯೇಬಿಟ್ಟಿತು.

ಶುಕ್ರವಾರ ಚೌಕದಲ್ಲಿ ಸಂತೆ. ಹನ್ನೊಂದಕ್ಕೆ ಬಾಗಿಲು ತೆಗೆದರೆ ಹನ್ನೊಂದೂ ಐದಕ್ಕೆ ವಿಲ್ಫ್ ಸಗ್ಡನ್ ಗಡಿಯಾರದ ಕೆಳಗಿನ ಬೆಂಚಿನಲ್ಲಿರಬೇಕು. ವಿಲ್ಫ್‌ಗೆ ಎಪ್ಪತ್ತೊಂಬತ್ತು. ಛಾವಣಿಗೆ ಕಲ್ಲುಹಲಗೆ ಹೊದಿಸುವ ಕೆಲಸ ಮಾಡಿದವನು, ಕತ್ತರಿಯಲ್ಲಿ ಅರವತ್ತು ವರ್ಷದಿಂದ ಕುಡಿಯುತ್ತಿರುವವನು. ಬಿಯರಿನ ವಿಷಯದಲ್ಲಿ ಮೊರೀನ್‌ಳ ಮಾತು ಬಿಟ್ಟರೆ ಅವನ ಮಾತೇ ವೇದ. ಅವಳು ಕತ್ತರಿಗೆ ಬಂದ ಈ ಮೂವತ್ತೊಂದು ವರ್ಷದಲ್ಲಿ ಅವಳು ಕೊಟ್ಟ ಒಂದು ಗ್ಲಾಸನ್ನೂ ಅವನು ಹಿಂದಕ್ಕೆ ತಳ್ಳಿರಲಿಲ್ಲ.

ಅವತ್ತು ಅವನು ಬಂದದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಮಾತಿಲ್ಲ ಕತೆಯಿಲ್ಲ, ಮಫ್ಲರು ಮೂಗಿನವರೆಗೆ.

“ಏನ್ ಕೊಡ್ಲಿ ಬಂಗಾರ?” ಅಂದಳು ಮೊರೀನ್. ಆ ಊರಿನಲ್ಲಿ ಕೌಂಟರಿನ ಹಿಂದೆ ನಿಂತವರಿಗೆ ಎದುರಿಗೆ ನಿಂತವರೆಲ್ಲ ಬಂಗಾರವೇ.

ವಿಲ್ಫ್ ಬೆರಳಲ್ಲಿ ಮೊದಲ ಪಂಪು ತೋರಿಸಿದ. ಹಿಂದಿನ ದಿನ ಬಾಯಿ ತೆಗೆದ ಪೀಪಾಯಿ ಅದು. ಅವಳು ನಿಧಾನವಾಗಿ ಎಳೆದು, ನೊರೆ ತುಳುಕದ ಹಾಗೆ ತುಂಬಿಸಿ ಮುಂದಿಟ್ಟಳು. ಅವನು ಅದನ್ನು ಬೆಂಚಿಗೆ ಒಯ್ದು ಒಂದು ಗುಟುಕು ಕುಡಿದ. ಗ್ಲಾಸನ್ನು ನೋಡಿದ. ಇನ್ನೊಂದು ಗುಟುಕು. ಎದ್ದು ಬಂದು ಗ್ಲಾಸನ್ನು ಕೌಂಟರಿನ ಮೇಲಿಟ್ಟು ಎರಡು ಬೆರಳಲ್ಲಿ ಅವಳ ಕಡೆ ತಳ್ಳಿದ.

“ಇದು ಸರಿ ಇಲ್ಲ,” ಅಂದ.

ಮೊರೀನ್ ಗ್ಲಾಸಿನ ಕಡೆ ನೋಡಿದಳು, ಎತ್ತಲಿಲ್ಲ.

ಕೌಂಟರಿನ ಈ ತುದಿಯಲ್ಲಿ ಕ್ಲಿಫರ್ಡ್ ಕೂತಿದ್ದ. ನಿವೃತ್ತ ಅಂಚೆಯವನು. ಒಳ್ಳೆಯ ಮನುಷ್ಯ, ಆದರೆ ಕೋಲೆಬಸವ. ಯಾರು ಏನಂದರೂ ಹೌದು. ಅದೇ ಪೀಪಾಯಿಯ ಬಿಯರು ಅವನ ಗ್ಲಾಸಿನಲ್ಲಿ ಮುಕ್ಕಾಲು ಖಾಲಿಯಾಗಿತ್ತು. ಹತ್ತು ನಿಮಿಷದ ಹಿಂದೆ ತುಟಿ ಒರೆಸಿಕೊಂಡು “ಆಹಾ” ಅಂದಿದ್ದ. ಈಗ ಉಳಿದದ್ದನ್ನು ಅನುಮಾನದಿಂದ ನೋಡಿ, ಮೂಸಿ, ಒಂದು ಹನಿ ಚಪ್ಪರಿಸಿದ.

“ಹೌದಲ್ಲ,” ಅಂದ. “ನೀನು ಹೇಳಿದ್ಮೇಲೆ ಗೊತ್ತಾಗ್ತಿದೆ ನೋಡು. ಏನೋ ಇದೆ. ಹುಳಿ ಥರ.”

“ಹುಳಿ ಅಲ್ಲ,” ಅಂದ ವಿಲ್ಫ್. “ಕಹಿ. ಔಷಧಿ ಔಷಧಿ.”

“ಅದೇ, ಔಷಧಿ. ನಾನೂ ಅದನ್ನೇ ಅಂದಿದ್ದು.”

ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ಹುಡುಕುವವನು ಅವನು. ಆದರೆ ಇದೆಲ್ಲ ಮೊರೀನ್‌ಗೆ ಆ ಕ್ಷಣ ಹೊಳೆಯಲಿಲ್ಲ. ವಿಲ್ಫ್ ತಪ್ಪು ಹೇಳಬಹುದು ಅನ್ನುವ ಯೋಚನೆಯೇ ಆ ಪಬ್ಬಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಐದು ತಿಂಗಳಿಂದ ಹೆದರಿಕೊಂಡಿದ್ದು ಎದುರಿಗೇ ಬಂದು ನಿಂತಿದೆ ಅನ್ನಿಸಿತು.

ಡೆಸ್ಮಂಡ್ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. “ಏನಾಯ್ತು?”

“ಬಿಯರ್ ಕೆಟ್ಟಿದೆ,” ಅಂದ ಕ್ಲಿಫರ್ಡ್, ತಾನೇ ಕಂಡುಹಿಡಿದವನ ಹಾಗೆ.

ಡೆಸ್ಮಂಡ್ ನಕ್ಕುಬಿಟ್ಟ. “ಮೊರೀನ್ ಬೆಳಿಗ್ಗೆ ನೋಡಿದಾಳೆ. ಚೆನ್ನಾಗಿದೆ ಅಂದಳು.” ವಿಲ್ಫ್‌ನ ಮುಖ ನೋಡಿ ನಗು ನಿಂತಿತು. ಗ್ಲಾಸನ್ನು ಮೊರೀನ್‌ಳ ಕಡೆ ಸರಿಸಿದ. “ಇನ್ನೊಂದ್ಸಲ ನೋಡಮ್ಮ. ನೀನು ಕೆಟ್ಟಿದೆ ಅಂದ್ರೆ ಈಗಲೇ ಮೋರಿಗೆ. ಅರ್ಧ ಗಂಟೆಲಿ ಸಂತೆಯೋರೆಲ್ಲ ಬರ್ತಾರೆ.”

ಮೂವರೂ ಅವಳನ್ನೇ ನೋಡಿದರು. ಗ್ಲಾಸು ಎತ್ತಿದಳು. ದೀಪಕ್ಕೆ ಹಿಡಿದಳು, ನಿರ್ಮಲವಾಗಿತ್ತು. ಮೂಗಿನ ಹತ್ತಿರ ತಂದಳು, ಏನೂ ಇಲ್ಲ. ಕುಡಿದಳು. ತಣ್ಣಗಿತ್ತು, ಒದ್ದೆಯಾಗಿತ್ತು, ಅಷ್ಟು ಬಿಟ್ಟರೆ ಏನೂ ಇಲ್ಲ. ಚೆನ್ನಾಗಿದೆ ಅಂದರೆ ಅರವತ್ತು ವರ್ಷದ ಗಿರಾಕಿಯನ್ನು ಸುಳ್ಳುಗಾರ ಅಂದಂತೆ. ಕೆಟ್ಟಿದೆ ಅಂದರೆ, ಕೆಟ್ಟದ್ದನ್ನು ಬೆಳಿಗ್ಗೆ ಒಳ್ಳೆಯದು ಅಂದವಳು ತಾನೇ. ಎರಡರಲ್ಲಿ ಯಾವುದು ನಿಜವೆಂದು ಅವಳಿಗೇ ಗೊತ್ತಿಲ್ಲ. ಏನೋ ಒಂದು ಹೇಳಿ ಪಾರಾಗಬಹುದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆಯೇ.

“ನಂಗೆ ಗೊತ್ತಾಗ್ತಿಲ್ಲ, ಡೆಸ್ಮಂಡ್.”

“ಅಂದ್ರೆ?”

“ವಾಸನೆ ಬರಲ್ಲ. ರುಚೀನೂ ಇಲ್ಲ. ನವೆಂಬರಿಂದ.”

ಮೊರೀನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೆ ಎದೆಯ ಮೇಲೆ ಐದು ತಿಂಗಳಿಂದ ಕೂತಿದ್ದ ಭಾರ ಇಳಿದುಹೋಗಿತ್ತು. ಏನು ಬೇಕಾದರೂ ಆಗಲಿ, ನಾಳೆ ಬೆಳಿಗ್ಗೆ ಗ್ಲಾಸು ಎತ್ತಿ ನಾಟಕ ಆಡುವ ಹಾಗಿಲ್ಲವಲ್ಲ ಅನ್ನುವ ಸಮಾಧಾನ ಅವಳನ್ನೇ ಬೆರಗುಗೊಳಿಸಿತು.

“ಐದು ತಿಂಗಳು,” ಅಂದ ಡೆಸ್ಮಂಡ್. “ದಿನಾ ನನ್ನ ಮುಂದೆ ಮೂಸಿ ಮೂಸಿ ತೋರಿಸಿದ್ಯಲ್ಲ.”

“ಹೌದು.”

“ಒಂದು ಮಾತು ಹೇಳಬಾರದಾಗಿತ್ತಾ ನಂಗೆ?”

“ಹೇಳಿದ್ರೆ ಬೀಗದ ಕೈ ಕೊಡ್ಬೇಕಾಗ್ತಿತ್ತು.”

ಏಪ್ರನ್ನಿನ ದಾರ ಬಿಚ್ಚಿದಳು. ಗಂಟು ಬಿಡಿಸಲು ಹೊತ್ತು ಹಿಡಿಯಿತು. ಬೀಗದ ಕೈಯನ್ನು ಸ್ಟ್ಯಾನ್ಲಿ ಇಟ್ಟ ಜಾಗದಲ್ಲೇ ಇಟ್ಟಳು. ಡೆಸ್ಮಂಡ್ ಅದನ್ನು ನೋಡುತ್ತಾ ನಿಂತ, ಮುಟ್ಟಲಿಲ್ಲ.

“ಕೆಳಗೆ ಹೋಗಿ ಆ ಪೀಪಾಯಿ ಖಾಲಿ ಮಾಡ್ತೀನಿ. ಅದೊಂದು ಕೆಲಸ ಮುಗಿಸ್ತೀನಿ,” ಅಂದು, ತಳ್ಳಿಟ್ಟ ಗ್ಲಾಸು ತೆಗೆದುಕೊಳ್ಳಲು ಕೌಂಟರಿನ ಮೇಲೆ ಬಗ್ಗಿದಳು. ವಿಲ್ಫ್ ಪಾಪ ಅನ್ನಿಸಿಯೋ ಏನೋ ಅವಳ ಕಡೆ ಬಗ್ಗಿ, “ನಾನು ಸುಮ್ನೆ ಕುಡಿದುಬಿಡಬೇಕಿತ್ತು ಕಣಮ್ಮ,” ಅಂದ. ಮಫ್ಲರು ಜಾರಿತ್ತು. ಅವನ ಉಸಿರು ಅವಳ ಮುಖಕ್ಕೆ ತಾಗಿತು.

ಮೊರೀನ್ ಗ್ಲಾಸು ಬಿಟ್ಟು ಅವನ ಮುಖ ನೋಡಿದಳು.

“ವಿಲ್ಫ್,” ಅಂದಳು. “ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ದೆಯಾ?”

“ನಾನಾ? ನಾನ್ಯಾಕೆ ಹೋಗ್ಲಿ?”

“ನಿನ್ನ ಬಾಯಿ ಲವಂಗ ಲವಂಗ ಅಂತಿದೆ.”

ವಿಲ್ಫ್ ಮಫ್ಲರು ಮೇಲಕ್ಕೆಳೆದುಕೊಂಡ. ಅರವತ್ತು ವರ್ಷ ಛಾವಣಿಯ ತುದಿಯಲ್ಲಿ ಓಡಾಡಿದವನು ಹಲ್ಲಿನ ಡಾಕ್ಟರ ಕುರ್ಚಿಗೆ ಹೆದರುತ್ತಾನೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ತಮಾಷೆ. ಸತ್ತರೂ ಆ ಕುರ್ಚಿಯಲ್ಲಿ ಕೂರುವುದಿಲ್ಲ ಅಂತ ಇದೇ ಬೆಂಚಿನಲ್ಲಿ ಕೂತು ಎಷ್ಟೋ ಸಲ ಆಣೆ ಮಾಡಿದ್ದ.

“ಮಫ್ಲರ್ ತೆಗಿ,” ಅಂದ ಡೆಸ್ಮಂಡ್.

“ಚಳಿ.”

“ತೆಗಿಯೋ ಮಾರಾಯ.”

ತೆಗೆದ. ಎಡಗೆನ್ನೆ ಊದಿತ್ತು, ಎಡತುಟಿ ಇಳಿಬಿದ್ದಿತ್ತು, ಕುಡಿದ ಎರಡು ಗುಟುಕಿನಲ್ಲಿ ಅರ್ಧದಷ್ಟು ಅಂಗಿಯ ಕಾಲರಿನ ಮೇಲಿತ್ತು.

“ಬೆಳಿಗ್ಗೆ ಹತ್ತಕ್ಕೆ,” ಅಂದ ವಿಲ್ಫ್, ನೆಲ ನೋಡುತ್ತಾ. “ಹಳ್ಳ ಬಿದ್ದಿದ್ದ ಹಲ್ಲಿಗೆ ಏನೋ ತುಂಬಿಸಿದ್ರು. ಸೂಜಿ ಚುಚ್ಚಿದ್ರು. ನಾಲಿಗೆ ಇನ್ನೂ ಸತ್ತು ಬಿದ್ದಿದೆ. ಮಧ್ಯಾಹ್ನದವರೆಗೂ ಏನೂ ಕುಡೀಬೇಡಿ ಅಂದ್ರು.”

“ಮತ್ತೆ ಕುಡಿದ್ಯಲ್ಲ?”

“ಇವತ್ತು ಶುಕ್ರವಾರ ಅಲ್ವಾ,” ಅಂದ ಅವನು, ಇಷ್ಟೂ ಗೊತ್ತಾಗುವುದಿಲ್ಲವೇ ಅನ್ನುವ ಹಾಗೆ.

“ನಾನು ಆವಾಗಲೇ ಅಂದುಕೊಂಡೆ,” ಅಂದ ಕ್ಲಿಫರ್ಡ್. “ಬಿಯರ್ ಚೆನ್ನಾಗೇ ಇದೆ. ನೋಡಿ, ಮುಕ್ಕಾಲು ಕುಡಿದಿದೀನಿ.”

“ನೀನು ಬಾಯಿ ಮುಚ್ಚು,” ಅಂದರು ಡೆಸ್ಮಂಡ್ ಮತ್ತು ವಿಲ್ಫ್ ಒಟ್ಟಿಗೆ.

ಆದರೂ ಮೊರೀನ್‌ಗೆ ನಂಬಿಕೆ ಬರಲಿಲ್ಲ. ವಿಲ್ಫ್‌ನ ನಾಲಿಗೆ ಸತ್ತಿದೆ ಅಂದಮಾತ್ರಕ್ಕೆ ಬಿಯರು ಬದುಕಿದೆ ಅಂತಲ್ಲ. ಕ್ಲಿಫರ್ಡ್‌ನ ಸಾಕ್ಷಿಯನ್ನು ನಾಯಿಯೂ ಮೂಸುವುದಿಲ್ಲ. ಅಷ್ಟರಲ್ಲಿ ಬಾಗಿಲು ದೂಡಿಕೊಂಡು, ಅಭ್ಯಾಸಬಲದಿಂದ ತಲೆ ಬಗ್ಗಿಸಿ, ಬೆರಿಲ್ ಒಳಗೆ ಬಂದಳು. ಚೌಕದಲ್ಲಿ ಮೊಟ್ಟೆ ಮಾರುವವಳು. ಹನ್ನೆರಡು ಹೊಡೆದರೆ ಅಂಗಡಿಯನ್ನು ಪಕ್ಕದ ಚೀಸಿನವನ ಕೈಗೆ ಕೊಟ್ಟು ಅರ್ಧ ಪಿಂಟ್, ಅಂದರೆ ಅರ್ಧ ಗ್ಲಾಸು ಬಿಯರು, ಕುಡಿದು ಹೋಗುತ್ತಾಳೆ. ಮನಸ್ಸಿಗೆ ಬಂದದ್ದನ್ನು ಮರುಕ್ಷಣ ಹೇಳುವ ಹೆಂಗಸು, ಅದಕ್ಕೇ ಅವಳ ಮೂರು ಮದುವೆಯೂ ಉಳಿಯಲಿಲ್ಲ ಅನ್ನುತ್ತಾರೆ.

ಡೆಸ್ಮಂಡ್ ಅವಳಿಗೆ ಕಾಣದ ಹಾಗೆ ಕೈ ಸನ್ನೆ ಮಾಡಿದ, ಯಾರೂ ಏನೂ ಹೇಳಬೇಡಿ ಅಂತ. ಮೊರೀನ್ ಅದೇ ಪಂಪಿನಿಂದ ಅರ್ಧ ಪಿಂಟ್ ಎಳೆದಳು. ಅವಳ ಜನ್ಮದಲ್ಲಿ ಅಷ್ಟು ನಿಧಾನವಾಗಿ ಎಳೆದಿರಲಿಲ್ಲ.

ಬೆರಿಲ್ ಒಂದೇ ಉಸಿರಿಗೆ ಅರ್ಧ ಇಳಿಸಿದಳು. “ಈ ಗಾಳೀಲಿ ನಿಂತು ನಿಂತು ಸೊಂಟ ಬಿದ್ದೋಯ್ತು,” ಅಂದಳು. “ಒಬ್ಬಳು ಬಂದು ಒಂದೊಂದು ಮೊಟ್ಟೇನೂ ಕಿವಿ ಹತ್ರ ಅಲ್ಲಾಡಿಸಿ ನೋಡಿ, ಕೊನೆಗೆ ಎರಡು ತಗೊಂಡಳು.” ಉಳಿದದ್ದನ್ನೂ ಇಳಿಸಿ ಗ್ಲಾಸು ಕೆಳಗಿಟ್ಟಳು. ತಲೆಯೆತ್ತಿದರೆ ನಾಲ್ಕು ಜನ ಅವಳ ಬಾಯಿಯನ್ನೇ ನೋಡುತ್ತಿದ್ದಾರೆ.

“ಏನು? ಏನ್ ಹಂಗ್ ನೋಡ್ತಿದೀರಾ? ಮುಖಕ್ಕೇನಾದ್ರೂ ಮೆತ್ಕೊಂಡಿದೆಯಾ?”

“ಬಿಯರ್ ಹೇಗಿದೆ?” ಅಂದ ಡೆಸ್ಮಂಡ್.

“ಹೇಗಿರುತ್ತೆ? ಯಾವಾಗ್ಲೂ ಇರೋ ಹಾಗಿದೆ. ನಿಜ ಹೇಳ್ಬೇಕಂದ್ರೆ ಕ್ರಿಸ್ಮಸ್ಸಿಂದ ಈಚೆಗೆ ಇನ್ನೂ ಚೆನ್ನಾಗಿ ಬರ್ತಿದೆ. ಮೊದಲು ಭಾನುವಾರ ಸ್ವಲ್ಪ ಹಳಸಲು ಹೊಡೀತಿತ್ತು, ನಾನು ಹೇಳಿರಲಿಲ್ಲ ಅಷ್ಟೆ. ಇನ್ನರ್ಧ ಹಾಕು.”

ಮೊರೀನ್‌ಗೆ ಹೋದ ಜೀವ ಬಂದಂತಾಯಿತು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ಏಪ್ರನ್ನಿನಲ್ಲಿ ಒರೆಸಿಕೊಂಡಳು. ಬೆರಿಲ್‌ಗೆ ಕತೆಯನ್ನೆಲ್ಲ ಕ್ಲಿಫರ್ಡ್ ಹೇಳಿದ, ತನ್ನ ಪಾತ್ರವನ್ನು ಸ್ವಲ್ಪ ತಿದ್ದಿಕೊಂಡು.

ಡೆಸ್ಮಂಡ್ ಬೀಗದ ಕೈಯನ್ನು ಎತ್ತಿಕೊಂಡ. ಅಂಗೈಯಲ್ಲಿ ತೂಗಿ ನೋಡಿದ.

“ಮೂಗಿಲ್ದೆ ಐದು ತಿಂಗಳು ಹೇಗೆ ನಡೆಸಿದೆ?”

“ಕಿವಿಲಿ,” ಅಂದಳು ಮೊರೀನ್. “ಬೆಣೆ ಸುಯ್ ಅನ್ನುತ್ತಲ್ಲ, ಅದು ನಿಲ್ಲೋ ಮುಂಚೆ ಒಂದ್ಸಲ ಸಣ್ಣಗಾಗುತ್ತೆ. ಮಗು ನಿದ್ದೆ ಹೋಗೋ ಮುಂಚೆ ಉಸಿರು ಬದಲಾಗುತ್ತಲ್ಲ, ಹಾಗೆ. ಆವಾಗ ಗಟ್ಟಿ ಬೆಣೆ ಹೊಡೀತೀನಿ. ಮೂರು ದಿನ ದಾಟಿದ್ದು ಇಟ್ಕೊಳ್ಳಲ್ಲ. ಮೊದಲು ಮೂಗಿನ ಮೇಲೆ ನಂಬಿಕೆ ಇತ್ತು ನೋಡು, ನಾಲ್ಕು ದಿನಾನೂ ಎಳೀತಿದ್ದೆ.”

“ಅದಕ್ಕೇ ಭಾನುವಾರದ್ದು ಹಳಸಲು ಹೊಡೀತಿತ್ತು,” ಅಂದಳು ಬೆರಿಲ್.

“ಆಯ್ತಮ್ಮ, ಗೊತ್ತಾಯ್ತು.”

ಡೆಸ್ಮಂಡ್‌ನ ಮುಖದಲ್ಲಿ ನೋವು ಇನ್ನೂ ಇತ್ತು, ಇಲ್ಲ ಅನ್ನುವಂತಿಲ್ಲ. ಆಮೇಲೆ, “ನಾನು ವರ್ಷಪೂರ್ತಿ ಚಹಾ ಕುಡಿದಾಗ ನೀನು ಊರಿಗೆ ಹೇಳಲಿಲ್ಲ,” ಅಂದ.

“ಯಾವ ಚಹಾ?” ಅಂದ ಕ್ಲಿಫರ್ಡ್.

“ನಿಂಗೆ ಸಂಬಂಧ ಇಲ್ಲ.” ಡೆಸ್ಮಂಡ್ ಬೀಗದ ಕೈಯನ್ನು ಮೊರೀನ್‌ಳ ಕೈಗಿಟ್ಟು ಬೆರಳು ಮಡಿಸಿದ. “ಕಟ್ಟಳೆ ಇರೋದು ಮೂಗಿನ ವಿಷಯ. ಕಿವಿ ವಿಷಯ ಅದ್ರಲ್ಲಿ ಏನೂ ಇಲ್ಲ. ಕಟ್ಕೋ. ಆದ್ರೆ ಇನ್ಮೇಲೆ ನನ್ನ ಮುಂದೆ ನಾಟಕ ಬೇಡ. ಬಾಗಿಲು ತೆಗೆಯೋ ಮುಂಚೆ ದಿನಾ ಬೆರಿಲ್ ಬಂದು ಅರ್ಧ ಗ್ಲಾಸ್ ಕುಡಿದು ನೋಡ್ಲಿ. ಕಾಸಿಲ್ಲ.”

“ಕಾಸಿಲ್ವಾ?” ಅಂದಳು ಬೆರಿಲ್. “ಮೊದಲೇ ಹೇಳಿದ್ರೆ ಇವಳ ಮೂಗು ಇನ್ನೂ ಬೇಗ ಹೋಗ್ಲಿ ಅಂತ ಬೇಡ್ಕೊಳ್ತಿದ್ನಲ್ಲ.”

ಎಲ್ಲರೂ ನಕ್ಕರು. ವಿಲ್ಫ್ ನಗಲು ಹೋಗಿ ಕೆನ್ನೆ ಹಿಡಿದುಕೊಂಡ. ಮೊರೀನ್ ದಾರ ಕಟ್ಟಿಕೊಳ್ಳುತ್ತಿದ್ದಳು. ಈ ಸಲ ಗಂಟು ಒಂದೇ ಸಲಕ್ಕೆ ಬಿತ್ತು. ಹೊರಗೆ ಸಂತೆಯವರು ಬಾಗಿಲ ಹತ್ತಿರ ಗುಂಪಾಗುತ್ತಿದ್ದರು, ಯಾರೋ ಹೊಸಬರು ಹಣೆ ಚಚ್ಚಿಕೊಂಡ ಸದ್ದು ಕೇಳಿತು.

“ಬಗ್ಗಬೇಕು,” ಅಂದ ಕ್ಲಿಫರ್ಡ್.

ವಿಲ್ಫ್ ಇನ್ನೂ ಕೌಂಟರಿನ ಹತ್ತಿರವೇ ನಿಂತಿದ್ದ. ಅವನ ತಲೆಯೊಳಗೆ ಯಾವುದೋ ಲೆಕ್ಕ ಸರಿಹೋಗುತ್ತಿರಲಿಲ್ಲ. ಸತ್ತ ತುಟಿಯಲ್ಲಿ ಮಾತು ಎಳೆದೆಳೆದು ಕೇಳಿದ.

“ಅಲ್ಲಮ್ಮ ಮೊರೀನ್. ವಾಸನೆ ಬರಲ್ಲ ಅಂದ್ಯಲ್ಲ ನೀನು.”

“ಹೂಂ.”

“ಮತ್ತೆ ನನ್ನ ಬಾಯಿ ಲವಂಗ ಅಂತ ಹೇಗೆ ಗೊತ್ತಾಯ್ತು?”

ಡೆಸ್ಮಂಡ್ ಅವಳನ್ನು ನೋಡಿದ, ಬೆರಿಲ್ ನೋಡಿದಳು. ಮೊರೀನ್ ವಿಲ್ಫ್‌ನ ಗ್ಲಾಸನ್ನು ತೆಗೆದುಕೊಂಡು, “ಒಂದು ನಿಮಿಷ, ಕೆಳಗೆ ಪೀಪಾಯಿ ನೋಡ್ಬೇಕು,” ಅಂದು ನೆಲಮಾಳಿಗೆಯ ಬಾಗಿಲು ತೆಗೆದು ಮೆಟ್ಟಿಲು ಇಳಿದಳು. ಡೆಸ್ಮಂಡ್ ಏನೂ ಕೇಳದೆ ಅವಳ ಜಾಗಕ್ಕೆ ಬಂದು ಪಂಪು ಹಿಡಿದ.

ಕೆಳಗೆ ಕೊನೆಯ ಮೆಟ್ಟಿಲ ಮೇಲೆ ಕೂತಳು. ಮೊದಲು ಗಾಳಿಯನ್ನು ಮೂಸಿದಳು. ಒದ್ದೆ ಕಲ್ಲು, ಹಳೇ ಮರ, ಹುದುಗು, ಮೂವತ್ತೊಂದು ವರ್ಷ ಅವಳ ಬಟ್ಟೆಗೆ ಅಂಟಿಕೊಂಡಿದ್ದ ವಾಸನೆ. ಯಾವುದೂ ಇಲ್ಲ. ಬಿಯರಿನೊಳಗೆ ಮೂಗು ಅದ್ದುವಷ್ಟು ಬಗ್ಗಿದಳು. ಅದೂ ಇಲ್ಲ. ಆಮೇಲೆ ಗ್ಲಾಸು ತಿರುಗಿಸಿ, ವಿಲ್ಫ್ ತುಟಿಯಿಟ್ಟ ಅಂಚನ್ನು ಹುಡುಕಿ, ಅಲ್ಲಿ ಮೂಗಿಟ್ಟು ಕಣ್ಣು ಮುಚ್ಚಿ ಉಸಿರೆಳೆದಳು.

ತೀರ ಸಣ್ಣಗೆ, ಇದೆಯೋ ಇಲ್ಲವೋ ಅನ್ನುವಷ್ಟು, ಲವಂಗ.

ಇನ್ನೊಮ್ಮೆ ಎಳೆದಳು. ಇತ್ತು. ಮುದುಕನ ಹಲ್ಲಿನ ಔಷಧಿ. ಅದಕ್ಕಿಂತ ಒಳ್ಳೆಯ ವಾಸನೆಯನ್ನು ಅವಳು ಹುಟ್ಟಿದಾರಭ್ಯ ಮೂಸಿರಲಿಲ್ಲ. ಮೂಲೆಯಲ್ಲಿ ನಿನ್ನೆ ಮಲಗಿಸಿದ ಪೀಪಾಯಿ ಸುಯ್ ಅನ್ನುತ್ತಿತ್ತು, ಸದ್ದು ಸಣ್ಣಗಾಗುತ್ತಿತ್ತು. ಕಣ್ಣೊರೆಸಿಕೊಂಡು ಎದ್ದು, ಸುತ್ತಿಗೆ ತೆಗೆದು, ಗಟ್ಟಿ ಬೆಣೆ ಬಡಿದಳು.

ಸಂತೆಯ ದಿನ ಕತ್ತರಿಯಲ್ಲಿ ಗ್ಲಾಸುಗಳಿಗೆ ಯಾವಾಗಲೂ ಬರ. ಆದರೂ ಆ ಒಂದು ಗ್ಲಾಸನ್ನು ಮೊರೀನ್ ಅವತ್ತು ತೊಳೆಯಲಿಲ್ಲ.